ನೀರುಗಂಟಿಯ ಮೊಮ್ಮಗಳು

"ಆ ಪುರಿ ಕವರ್ ಇಲ್ಲಿ ಕೊಡಿ ಸಾರ್."

ಕೆರೆಯ ಮೀನಿಗೆ ಒಂದು ಹಿಡಿ ಕಡಲೆಪುರಿ ಎಸೆಯಲು ಕೈಯೆತ್ತಿದ್ದ ಚಿದಾನಂದ್ ಹಾಗೇ ನಿಂತ. ಸೊಂಟದ ಮೇಲೆ ಕೈಯಿಟ್ಟು ನಿಂತವಳ ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ.

"ಮೀನಿಗೆ ಹಾಕಿದ್ರೆ ಪುಣ್ಯ ಅಂತಾರಲ್ಲ ಮೇಡಂ?"

"ತಿಂದು ಉಳಿದಿದ್ದು ತಳದಲ್ಲಿ ಕೊಳೆಯುತ್ತೆ. ಆಮೇಲೆ ಅದೇ ಮೀನು ಉಸಿರುಕಟ್ಟಿ ಸತ್ತು ತೇಲುತ್ತೆ. ಪುಣ್ಯ ಬೇಕಾದ್ರೆ ನೀವೇ ತಿನ್ನಿ."

ಅವನು ಒಂದು ಹಿಡಿ ಬಾಯಿಗೆ ಹಾಕಿಕೊಂಡ. ಮಿಕ್ಕಿದ್ದನ್ನು ಅವಳತ್ತ ಚಾಚಿದ. "ಅರ್ಧ ಪುಣ್ಯ ನಿಮಗೂ ಇರ್ಲಿ."

ಬೇಡ ಎನ್ನಬೇಕೆಂದುಕೊಂಡಳು ರಮ್ಯ. ಅಷ್ಟರಲ್ಲಿ ಕೈ ಮುಂದೆ ಹೋಗಿತ್ತು. ಛೇ, ಈ ಕೈಗೆ ಸ್ವಲ್ಪವೂ ಬಿಗುಮಾನವಿಲ್ಲ...

ಬೆಂಗಳೂರಿನ ಸಾರಕ್ಕಿ ಕೆರೆಯ ಗೇಟಿನಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ರಮ್ಯ ಹಾಜರು. ಪೂಜೆಯ ಹೂವು ತಂದವರಿಗೆ ಗೊಬ್ಬರದ ತೊಟ್ಟಿ ತೋರಿಸುವಳು. ನಾಯಿ ಕರೆತಂದವರ ಕೈಗೆ ಹೇಸಿಗೆ ಎತ್ತಲು ಹಳೇ ಪೇಪರ್ ಕೊಡುವಳು. ಕೇಳೋಕೆ ನೀನ್ಯಾರಮ್ಮ ಎಂದು ಯಾರಾದರೂ ಗದರಿದರೆ ಉತ್ತರ ನಾಲಿಗೆ ತುದಿಯಲ್ಲೇ ಇರುತ್ತಿತ್ತು.

"ಈ ಕೆರೆ ತೂಬು ತೆಗೆದು ಗದ್ದೆಗೆ ನೀರು ಬಿಡ್ತಿದ್ದ ನೀರುಗಂಟಿ ಮೊಮ್ಮಗಳು!"

ಆ ಗದ್ದೆಗಳೆಲ್ಲ ಎಂದೋ ಲೇಔಟ್ ಆಗಿದ್ದವು. ಅದರಲ್ಲೊಂದು ತುಂಡಿನ ಮೇಲೆ ಅವಳಪ್ಪ ಚಿಕ್ಕಬೈರಪ್ಪ ನಾಲ್ಕು ಮಹಡಿ ಕಟ್ಟಿ, ಒಂದು ಮನೆಯಲ್ಲಿ ತಾವಿದ್ದು ಉಳಿದವನ್ನು ಬಾಡಿಗೆಗೆ ಕೊಟ್ಟಿದ್ದ. ತೂಬು ಹೋಗಿತ್ತು, ಹೆಮ್ಮೆ ಉಳಿದಿತ್ತು.

ಚಿದಾನಂದ್ ಅದೇ ಊರಿನ ಶ್ರೀನಗರ ಬಡಾವಣೆಯವನು, ಬ್ಯಾಂಕ್ ಉದ್ಯೋಗಿ. ಮುಂದಿನ ಭಾನುವಾರವೂ ಬಂದ, ಅದರ ಮುಂದಿನದಕ್ಕೂ ಬಂದ. ಕೆರೆಗೆ ನೀರು ಸೇರುವ ಜಾಗದಲ್ಲಿ ಪ್ರತಿ ಭಾನುವಾರ ಬಿಳಿ ನೊರೆ ಏಳುವುದನ್ನು ಮೊದಲು ಗಮನಿಸಿದವನು ಅವನೇ. ಎಲ್ಲಿಂದ ಬರುತ್ತದೋ ನೋಡಿಯೇ ಬಿಡುತ್ತೇನೆಂದು ಮಳೆನೀರಿನ ಮೋರಿಯ ಜಾಡು ಹಿಡಿದು ಬೀದಿ ಬೀದಿ ಅಲೆದ. ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ನಕ್ಷೆ ಬರೆದ.

ಮೋರಿಯ ಪಕ್ಕ ನಿಂತೂ ಒಬ್ಬ ಗಂಡಸು ಇಷ್ಟು ಚೆನ್ನಾಗಿ ಕಾಣಬಹುದೆಂದು ರಮ್ಯಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಆರನೆಯ ಭಾನುವಾರ ಅವನು ನೋಟ್‌ಬುಕ್ಕನ್ನು ಅವಳ ಕೈಗಿಟ್ಟ. ಮುಖ ಕೊಟ್ಟು ಮಾತಾಡಲಿಲ್ಲ.

"ನೊರೆ ಎಲ್ಲಿಂದ ಅಂತ ಗೊತ್ತಾಗ್ಲಿಲ್ಲ ರಮ್ಯ. ಇನ್ಮೇಲೆ ನಂಗೆ ಬರೋಕಾಗಲ್ಲ... ಸ್ವಲ್ಪ ಕೆಲಸ."

"ಏನಂಥ ಕೆಲಸ?"

ಅವನು ಬೈಕ್ ಹತ್ತಿ ಹೊರಟೇಹೋದ.

ಎರಡು ಭಾನುವಾರ ಕಳೆದವು. ಗೇಟಿನಲ್ಲಿ ಬೈಕ್ ನಿಂತಾಗಲೆಲ್ಲ ಅವಳ ಎದೆ ಹಾರುತ್ತಿತ್ತು. 'ಎಲ್ಲರೂ ಇಷ್ಟೇ. ನಾಲ್ಕಾರು ವಾರ ಕೆರೆ ಮೇಲೆ ಪ್ರೀತಿ, ಆಮೇಲೆ ಕೆಲಸ. ನಾನೇ ಬೇರೇನೋ ಅಂದುಕೊಂಡೆ...'

ಮೂರನೆಯ ಭಾನುವಾರ ಗೇಟಿನಲ್ಲೇ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ನೀನಿಲ್ಲದಿದ್ದರೆ ನಾನೇ ಹುಡುಕುತ್ತೇನೆ ಎಂದು ನೋಟ್‌ಬುಕ್ ಬಿಡಿಸಿದಳು.

ನಕ್ಷೆಯಲ್ಲಿ ಒಂದು ಕಡೆ ಹಾಕಿದ್ದ ಗುರುತನ್ನು ರಬ್ಬರಿನಿಂದ ಅಳಿಸಲಾಗಿತ್ತು. ಎಷ್ಟು ಉಜ್ಜಿದ್ದನೆಂದರೆ ಕಾಗದವೇ ತೆಳ್ಳಗಾಗಿತ್ತು. ಅದು ಅವಳದೇ ಬೀದಿ.

ಓಡುತ್ತಲೇ ಮನೆಗೆ ಹೋದಳು. ಮಳೆನೀರು ಇಳಿಯಬೇಕಾದ ಪೈಪು ಅವರದೇ ಕಾಂಪೌಂಡಿನಿಂದ ಮೋರಿಗೆ ನೊರೆ ಕಾರುತ್ತಿತ್ತು, ಘಮಘಮ ಸೋಪಿನ ವಾಸನೆಯ ನೊರೆ. ತಲೆಯೆತ್ತಿ ನೋಡಿದಳು. ನಾಲ್ಕು ಮಹಡಿ, ಎಂಟು ಮನೆ, ಎಂಟು ವಾಷಿಂಗ್ ಮಿಷಿನ್. ಭಾನುವಾರ ಎಲ್ಲರ ಮನೆಯಲ್ಲೂ ಬಟ್ಟೆ ಒಗೆತ.

ಆಗ ನೆನಪಾಯಿತು. ಮೂರು ವರ್ಷದ ಹಿಂದೆ ಪ್ಲಂಬರ್ ಕೇಳಿದ್ದ, "ಮಿಷಿನ್ ನೀರು ಯಾವ ಪೈಪ್‌ಗೆ ಕೊಡ್ಲಿ ಮೇಡಂ?" ಫೋನಿನಲ್ಲಿದ್ದ ಅವಳು ಕೈ ತೋರಿಸಿದ್ದಳು. "ಹತ್ತಿರ ಇರೋದಕ್ಕೆ ಕೊಡಿ ಅಣ್ಣ."

ರಮ್ಯ ಮೆಟ್ಟಿಲ ಮೇಲೆ ಕೂತಳು. ಊರಿಗೆಲ್ಲ ಬುದ್ಧಿ ಹೇಳಿದ್ದಳು. ಕೆರೆಗೆ ಸೋಪು ಕುಡಿಸಿದವಳು ತಾನೇ! ಅವನಿಗೆ ಇದು ಗೊತ್ತಾಗಿತ್ತು. ಗೊತ್ತಾಗಿಯೂ ಅಳಿಸಿದ್ದ, ತನಗಾಗಿ.

ಚಿಕ್ಕಬೈರಪ್ಪ ಎಲ್ಲವನ್ನೂ ಕೇಳಿ ಪೈಪನ್ನು ಬಗ್ಗಿ ನೋಡಿದ. "ಸದ್ದಿಲ್ದೆ ಸರಿ ಮಾಡಿಸ್ಬಿಡಾನ ಕಣವ್ವ. ಗೊತ್ತಾದ್ರೆ ನಿನ್ನೇ ಆಡ್ಕೊತಾರೆ. ನಾಳೆ ಆ ಗೇಟಲ್ಲಿ ಹೆಂಗ್ ನಿಲ್ತೀಯ?"

"ಸುತ್ತಮುತ್ತ ಇನ್ನೆಷ್ಟು ಮನೇಲಿ ಹಿಂಗೇ ಇದೆಯೋ ಅಪ್ಪ. ಅವರಿಗೂ ಗೊತ್ತಿಲ್ಲ. ನಾವು ಬಾಯಿ ಬಿಟ್ರೆ ತಾನೇ ಅವರು ನೋಡ್ಕೊಳ್ಳೋದು?"

ಅಪ್ಪ ಮಗಳನ್ನೇ ನೋಡಿದ. "ನಮ್ಮಪ್ಪ ತೂಬಿನ ಮೇಲೆ ಎಲ್ರ ಎದುರಿಗೇ ನಿಲ್ತಿದ್ದ. ಹಾಕು ಮೊಬೈಲಲ್ಲಿ, ನಿಮ್ಮ ಕೆರೆ ಗ್ರೂಪಿಗೆ. ನಾನೂ ನಿಲ್ತೀನಿ."

ಕೆರೆಯ ಗ್ರೂಪಿಗೆ ನೊರೆಯ ಫೋಟೋ ಹೋಯಿತು, ಕೆಳಗೆ ಅವಳದೇ ಮಾತು. "ಈ ನೊರೆ ನಮ್ಮ ಮನೆಯದು. ತಪ್ಪು ನನ್ನದು. ಭಾನುವಾರ ಪೈಪ್ ಬದಲಾಯಿಸ್ತೀವಿ. ಬಂದು ನೋಡಿ, ನಿಮ್ಮ ಮನೆಯದನ್ನೂ ನೋಡ್ಕೊಳ್ಳಿ."

ಭಾನುವಾರ ನಲವತ್ತು ಜನ ಸೇರಿದರು. ನಗಲು ಬಂದವರೂ ಇದ್ದರು, ಸುಳ್ಳೇಕೆ. ಚಿಕ್ಕಬೈರಪ್ಪ ತಾನೇ ಗರಗಸ ಹಿಡಿದು ಮೊದಲ ಪೈಪು ಕೊಯ್ದ. ಮಿಷಿನ್ನುಗಳ ನೀರು ಒಳಚರಂಡಿಗೆ ತಿರುಗಿತು. ಮಧ್ಯಾಹ್ನದೊಳಗೆ ಹನ್ನೊಂದು ಮನೆಯವರು, ನಮ್ಮದನ್ನೂ ಸ್ವಲ್ಪ ನೋಡಮ್ಮ, ಎಂದು ರಮ್ಯಳ ಬಳಿ ಬಂದು ಹೆಸರು ಬರೆಸಿದ್ದರು.

"ಯಾರ ಮೊಮ್ಮಗಳು ಹೇಳಿ" ಎಂದು ಚಿಕ್ಕಬೈರಪ್ಪ ಹೋದವರಿಗೂ ಬಂದವರಿಗೂ ಹೇಳಿದ್ದೇ ಹೇಳಿದ್ದು.

ಜನ ಕರಗಿದ ಮೇಲೆ ಮನೆಯ ಗೇಟಿನ ಬಳಿ, ಗ್ರೂಪಿನ ಸುದ್ದಿ ನೋಡಿ ಬಂದಿದ್ದ ಚಿದಾನಂದ್ ಉಳಿದಿದ್ದ.

"ರಬ್ಬರ್ ಇನ್ನೂ ಸ್ವಲ್ಪ ಮೆಲ್ಲಗೆ ಉಜ್ಜಬೇಕಿತ್ತು" ಎಂದಳು ರಮ್ಯ.

ಅವನು ತಲೆ ತಗ್ಗಿಸಿದ. "ನೀರುಗಂಟಿ ಮೊಮ್ಮಗಳು ಅನ್ನೋವಾಗ ನಿಮ್ಮ ಮುಖ ಹೆಂಗಿರುತ್ತೆ ಗೊತ್ತಾ? ಅದನ್ನ ಕಿತ್ಕೊಳ್ಳೋಕೆ ನಂಗೆ ಮನಸ್ಸು ಬರ್ಲಿಲ್ಲ. ಮುಚ್ಚಿಟ್ಕೊಂಡು ನಿಮ್ಮ ಪಕ್ಕ ನಿಲ್ಲೋಕೂ ಆಗ್ಲಿಲ್ಲ... ನೀವಂದ್ರೆ ನಂಗೆ ಪ್ರಾಣ ರಮ್ಯ."

ಅವಳ ಕಣ್ಣು ತುಂಬಿತು. ಆದರೂ ನೋಟ್‌ಬುಕ್ಕನ್ನೂ ಪೆನ್ಸಿಲನ್ನೂ ಅವನ ಮುಂದೆ ಹಿಡಿದಳು. "ಪ್ರಾಣ ಅನ್ನೋರು ತಪ್ಪು ಕಂಡ್ರೆ ಮೊದಲು ನಂಗೇ ಹೇಳ್ಬೇಕು. ಗುರುತು ಹಾಕಿ."

ಅವನು ಅವಳ ಮನೆಯ ಮೇಲೆ ಗುರುತು ಹಾಕಿದ. ಪಕ್ಕದಲ್ಲಿ 'ಸರಿಯಾಯಿತು' ಎಂದು ಬರೆದ. ಆಮೇಲೆ ಮೆಲ್ಲಗೆ ಬ್ಯಾಗಿನಿಂದ ಒಂದು ಪೊಟ್ಟಣ ತೆಗೆದ.

"ಮೀನಿಗಲ್ಲ" ಎಂದ, ಅವಳು ಕೇಳುವ ಮೊದಲೇ.

"ಗೊತ್ತು, ಕೊಡಿ. ಇವತ್ತು ಅರ್ಧ ಅಲ್ಲ, ಪುರಿ ಪೂರ್ತಿ ನಂಗೆ."

"ಮತ್ತೆ ನಂಗೆ?"

ರಮ್ಯ ಪೊಟ್ಟಣದ ಜೊತೆಗೆ ಅವನ ಕೈಯನ್ನೂ ಹಿಡಿದುಕೊಂಡಳು.

"ನಿಮಗೆ ನಾನಿದೀನಲ್ಲ."