ಯೋಧನ ಪೀಠ ಅಲುಗಿದಾಗ

ಪಿಸ್ತೂಲಿನ ಹಿಡಿ ನನ್ನ ದವಡೆಗೆ ಬಡಿಯಿತು.

ಬಾಯಿಗೆ ಬಂದ ಹಲ್ಲನ್ನು ಉಗುಳಿದೆ.

"ನೆಲ ಗಲೀಜು ಮಾಡ್ಬೇಡ ಆರ್ಗಿರಿಸ್," ಎಂದ ಪಾಂತೆಲಿಸ್. "ಮ್ಯೂಸಿಯಂ ಇದು."

ಹಿಂದೆ ಇಬ್ಬರೂ ಒಂದೇ ಠಾಣೆಯ ಪೊಲೀಸರು. ನಾನು ಕೆಲಸ ಬಿಟ್ಟು ಈ ಮ್ಯೂಸಿಯಮ್ಮಿನ ಕಾವಲಿಗೆ ಬಂದೆ. ಅವನು ಶಿಲ್ಪ ಕದ್ದು ಮಾರುವ ದಂಧೆಗೆ ಇಳಿದ.

ಮಂಗಳವಾರ, ರಜೆ. ಮಧ್ಯಾಹ್ನದ ಬಿಸಿಲಿಗೆ ಊರೆಲ್ಲ ಕಿಟಕಿ ಮುಚ್ಚಿ ಮಲಗಿತ್ತು. ಒಳಗೆ ನಾವು ಮೂವರೇ. ಮೂರನೆಯವಳು ನಾನು ಅಕ್ಕ ಎಂದೇ ಕರೆಯುವ ಎವಾಂಥಿಯಾ... ಮುರಿದ ಶಿಲ್ಪಗಳನ್ನು ಕೂಡಿಸುವವಳು. ಅವಳ ಕೂದಲು ಅವನ ಎಡಗೈಯಲ್ಲಿತ್ತು. ಪಿಸ್ತೂಲು ಈಗ ಅವಳ ಕಿವಿಗೆ.

ಅವನಿಗೆ ಬೇಕಾದದ್ದು ಯೋಧನ ತಲೆ. ಅಪೊಲೊ ದೇವರ ಗುಡಿಯ ನೆತ್ತಿಯಿಂದ ಬಿದ್ದು ಶತಮಾನಗಟ್ಟಲೆ ಮಣ್ಣಲ್ಲಿದ್ದ ಅಮೃತಶಿಲೆಯ ಯೋಧ. ತಲೆಯನ್ನು ಕೊರಳಿಗೆ ಕೂಡಿಸಿದವಳು ಇವಳೇ.

"ಬಿಚ್ಚು," ಎಂದ.

"ಮೊದ್ಲು ಪೀಠ ಲಾಕ್ ಮಾಡ್ಬೇಕು. ಇಲ್ದಿದ್ರೆ..."

"ನಂಗೇ ಪಾಠ ಹೇಳ್ತೀಯಾ?"

ಅವಳ ಮುಖವನ್ನು ಗೋಡೆಗೆ ಜಜ್ಜಿದ. ಮೂಗು ಮುರಿದ ಸದ್ದು ನನಗೂ ಕೇಳಿಸಿತು.

ಲಾಕ್ ಯಾಕೆಂದು ನನಗೆ ಗೊತ್ತಿತ್ತು. ಭೂಕಂಪ ಬಂದರೆ ಯೋಧ ಉರುಳಬಾರದೆಂದು ಆ ಪೀಠವನ್ನು ಉಕ್ಕಿನ ಗುಂಡುಗಳ ಮೇಲೆ ಕೂರಿಸಿದ್ದಾರೆ. ಜೋರಾಗಿ ಒದ್ದರೆ ಸಾಕು, ತೂಗಾಡುತ್ತದೆ.

ಪೀಠದ ಪಕ್ಕದ ಗೋಡೆಯಲ್ಲಿ ಕೆಂಪು ಗುಂಡಿ. ಒತ್ತಿದರೆ ಬಾಗಿಲಿಗೆ ಉಕ್ಕಿನ ಶಟರ್ ಬೀಳುತ್ತದೆ, ಠಾಣೆಗೂ ಕರೆ ಹೋಗುತ್ತದೆ. ಆದರೆ ಅವನು ಒಳಗೇ ಉಳಿಯುತ್ತಾನೆ, ಎವಾಂಥಿಯಾಳ ಜೊತೆ. ಅವಳನ್ನು ಕೊಲ್ಲದೆ ಬಿಡುವುದಿಲ್ಲ.

ಅವನನ್ನು ಬಾಗಿಲಿಗೆ ಅಟ್ಟಬೇಕು. ಒಬ್ಬನನ್ನೇ.

"ಹೆಂಗಸಿನ ಹಿಂದೆ ಅಡಗಿಕೊಳ್ಳೋದು ಇನ್ನೂ ಬಿಟ್ಟಿಲ್ವೇನೋ?" ಎನ್ನುತ್ತ ಪೀಠದತ್ತ ಹೆಜ್ಜೆ ಇಟ್ಟೆ.

ಗುಂಡು ನನ್ನ ಎಡತೊಡೆ ಸೀಳಿತು. ಪೀಠದ ಬುಡದಲ್ಲೇ ಬಿದ್ದೆ.

"ಇನ್ನೊಂದು ಕಾಲು ಉಳಿದಿದೆ," ಎಂದು ಹಲ್ಲು ಕಿರಿದು ಅವಳತ್ತ ತಿರುಗಿದ.

ಹೌದು, ಉಳಿದಿತ್ತು.

ಬೆನ್ನನ್ನು ಗೋಡೆಗೆ ಒತ್ತಿ, ಆ ಕಾಲಿನಿಂದ ಇದ್ದಬದ್ದ ಬಲವೆಲ್ಲ ಹಾಕಿ ಪೀಠಕ್ಕೆ ಒದ್ದೆ.

ಯೋಧ ತೂಗಿದ. ಪೀಠದ ಮೇಲಿನ ತಟ್ಟೆಯಲ್ಲಿದ್ದ ಕಲ್ಲಿನ ಚೂರುಗಳು ಗಲಗಲ ಎಂದವು.

"ಭೂಕಂಪ!" ಎಂದು ಕಿರುಚಿದೆ.

ನಮ್ಮ ಸೀಮೆಯ ಮಕ್ಕಳಿಗೆ ಇದನ್ನು ನಡೆಯಲು ಕಲಿತ ಕೂಡಲೇ ಹೇಳಿಕೊಡುತ್ತಾರೆ: ಅಲುಗಿತೋ, ಬಾಗಿಲ ಚೌಕಟ್ಟಿನ ಕೆಳಗೆ ಓಡು. ಪಾಂತೆಲಿಸ್‌ನ ಮನೆ ಕುಸಿದ ದಿನ ಚೌಕಟ್ಟಿನ ಕೆಳಗಿದ್ದ ಅವನೊಬ್ಬನೇ ಬದುಕಿದ್ದ. ಅವನ ತಲೆ ಮರೆತರೂ ಕಾಲು ಮರೆತಿರಲಿಲ್ಲ.

ಅವಳ ಕೂದಲು ಬಿಟ್ಟ. ಓಡಿದ. ಚೌಕಟ್ಟನ್ನು ತಬ್ಬಿ ನಿಂತ.

ಗೋಡೆ ಹಿಡಿದು ಎದ್ದು ಗುಂಡಿ ಒತ್ತಿದೆ.

ಶಟರ್ ಅವನ ಹೆಗಲ ಮೇಲೆ ಬಿತ್ತು. ಎಲುಬು ಲಟಲಟ ಮುರಿಯಿತು. ಅರ್ಧ ಒಳಗೆ, ಅರ್ಧ ಹೊರಗೆ, ನೆಲಕ್ಕೆ ಅಂಟಿಕೊಂಡ. ಪಿಸ್ತೂಲು ಜಾರಿ ನನ್ನ ಬಳಿ ಬಂತು.

ಎವಾಂಥಿಯಾ ರಕ್ತ ಸುರಿಸುತ್ತಲೇ ಯೋಧನ ಹತ್ತಿರ ಹೋದಳು. ಕೊರಳಿನ ಬೆಸುಗೆಯ ಸುತ್ತ ಬೆರಳಾಡಿಸಿದಳು.

"ಬಿರುಕು ಬಿಟ್ಟಿಲ್ಲ," ಎಂದಳು. "ನೀನು ಬದುಕ್ತೀಯಾ?"

"ಕೊನೆಗಾದ್ರೂ ಕೇಳಿದ್ಯಲ್ಲ ಅಕ್ಕ."

ಪೊಲೀಸ್ ಗಾಡಿಯ ಸದ್ದು ಹತ್ತಿರವಾಗುತ್ತಿತ್ತು. ಶಟರಿನ ಕೆಳಗಿಂದ ಪಾಂತೆಲಿಸ್ ನರಳಿದ. ಭೂಕಂಪವಾದ ಮೇಲೆ ಇಲ್ಲಿ ಎಲ್ಲರೂ ಮೊದಲು ಕೇಳುವುದನ್ನೇ ಅವನೂ ಕೇಳಿದ.

"ಎಷ್ಟು... ಎಷ್ಟಿತ್ತೋ ರಿಕ್ಟರ್?"

"ನಲವತ್ತಮೂರು," ಎಂದೆ. "ನನ್ನ ಬೂಟಿನ ಸೈಜು."