ನಡುಗುವ ಮುಳ್ಳು

ನಂಬಿದರೆ ನಂಬಿ. ಜಯನಗರದ ನನ್ನ ಭಾವ ಚಕ್ರಪಾಣಿ ವಿಮಾನದ ರೇಡಿಯೋ ಇಂಜಿನಿಯರು. ಸಿಗ್ನಲ್ ಬರುವ ದಿಕ್ಕು ತೋರಿಸುವ ಮುಳ್ಳೊಂದನ್ನು ಮನೆಯಲ್ಲೇ ಮಾಡಿದ್ದರು. ಅದು ಸದಾ ನಡುಗುತ್ತಿತ್ತು. ಹೊಡೆದಾಗ ಗಾಲ್ಫ್ ಕೋಲು ಕೈಯಲ್ಲಿ ತಿರುಗಬಾರದೆಂದು ಅದರ ತಲೆಗೆ ಸೀಸ ಕೂರಿಸಿ ಪಂದ್ಯ ಗೆದ್ದವರು, ಮುಳ್ಳಿಗೂ ಚೂರು ಸೀಸ ಅಂಟಿಸಿದರು. ನಡುಕ ನಿಲ್ಲಲಿಲ್ಲ.

ಅರವತ್ತೆರಡನೇ ವಯಸ್ಸಿನಲ್ಲಿ ಭಾವ ತೀರಿಕೊಂಡರು. ವೈರು ಕಿತ್ತಿಟ್ಟ ಮೇಲೂ ಮುಳ್ಳು ನಡುಗುತ್ತಾ, ಅಕ್ಕ ಸತ್ಯಭಾಮಾ ಹೋದ ಕಡೆಗೆಲ್ಲ ತಿರುಗುತ್ತಿತ್ತು.

"ಇದೇನಕ್ಕಾ?" ಅಂದೆ.

"ನಿಮ್ ಭಾವ ಕಣೋ. ನಾನು ಕಾಣ್ಲಿಲ್ಲ ಅಂದ್ರೆ ಮೊದ್ಲಿಂದ್ಲೂ ಹಿಂಗೇ ಹುಡುಕ್ತಾರೆ," ಅಂತ ನಕ್ಕಳು.

ಮರುವರ್ಷ ಅಕ್ಕನೂ ಹೋದಳು. ವಿಲ್ಸನ್ ಗಾರ್ಡನ್ ಸ್ಮಶಾನದಿಂದ ಬಂದು ನೋಡಿದರೆ, ಮುಳ್ಳು ಅಡುಗೆಮನೆ ಕಡೆ ತಿರುಗಿ ನಿಂತಿತ್ತು. ಒಂದಿಷ್ಟೂ ನಡುಕವಿಲ್ಲ.

ಸಾವಿನ ಮನೆ ಅಂತ ನಾವ್ಯಾರೂ ಒಲೆ ಹಚ್ಚಿರಲಿಲ್ಲ. ಅಡುಗೆಮನೆಗೆ ಹೋಗಿ ಒಲೆ ಮುಟ್ಟಿ ನೋಡಿದೆ. ಬೆಚ್ಚಗಿತ್ತು.