ಫೆಬ್ರವರಿ ಮೂವತ್ತನೇ ತಾರೀಖು

ಠಪ್!

ಪಿಟೀಲು ಉಸಿರು ಬಿಗಿಹಿಡಿದು ಕಿವಿಗೊಟ್ಟಳು. ಮೆಟ್ಟಿಲ ಮೇಲೆ ಹೆಜ್ಜೆ ಸದ್ದಿಲ್ಲ. ಸ್ಟಾಂಪಿನ ಪುಟ್ಟ ಚಕ್ರವನ್ನು ಉಗುರಿನಿಂದ ಮುಂದಕ್ಕೆ ತಳ್ಳಿ, ಇಂಕ್ ಪ್ಯಾಡಿಗೆ ಅದ್ದಿ, ಮತ್ತೆ ಒತ್ತಿದಳು. ಠಪ್!

ಅವಳು ಲೈಬ್ರರಿಯ ಕೌಂಟರಿನ ಕೆಳಗೆ ಚಕ್ಕಳಮಕ್ಕಳ ಹಾಕಿ ಕುಳಿತಿದ್ದಳು. ತೊಡೆಯ ಮೇಲೆ ‘ಹುಳುಗಳು ಕಟ್ಟುವ ಮನೆಗಳು’ ಎಂಬ ದೊಡ್ಡ ಪುಸ್ತಕ, ಕೈಯಲ್ಲಿ ಅಮ್ಮನ ತಾರೀಖಿನ ಸ್ಟಾಂಪು. ಅಮ್ಮ ಈ ಲೈಬ್ರರಿಯ ಲೈಬ್ರೇರಿಯನ್. ಫ್ಯೂಸ್ ಹೋಯಿತೆಂದು ಈಗ ಮಹಡಿಗೆ ಹೋಗಿದ್ದಳು. ಅವಳು ಇಳಿದು ಬರುವಷ್ಟರಲ್ಲಿ ಕೆಲಸ ಮುಗಿಯಬೇಕು.

ಪಿಟೀಲು ಅವಳ ನಿಜವಾದ ಹೆಸರೇನಲ್ಲ. ಮಾತು ಶುರು ಮಾಡಿದರೆ ಕುಯ್ಯುತ್ತಲೇ ಇರುತ್ತಾಳೆ ಎಂದು ಅಪ್ಪ ಇಟ್ಟ ಹೆಸರು. ಇಂಥವಳು ದಿನಾ ಸ್ಕೂಲು ಬಿಟ್ಟ ಮೇಲೆ ಎರಡು ಗಂಟೆ ‘ಸದ್ದು ಮಾಡಬೇಡಿ’ ಎಂಬ ಬೋರ್ಡಿನ ಕೆಳಗೆ ಕೂರಬೇಕು. ಪಾಪ, ಬೋರ್ಡಿಗೂ ಕಷ್ಟ, ಅವಳಿಗೂ ಕಷ್ಟ. ಅವಳನ್ನು ಸುಮ್ಮನೆ ಕೂರಿಸುತ್ತಿದ್ದದ್ದು ಈ ಪುಸ್ತಕ ಒಂದೇ.

ಇವತ್ತು ಶನಿವಾರ. ಮಧ್ಯಾಹ್ನ ಬಂದು ನೋಡಿದರೆ ಶೆಲ್ಫಿನಲ್ಲಿ ಪುಸ್ತಕ ಇರಲಿಲ್ಲ. ಹುಡುಕಿ ಹುಡುಕಿ ಕೊನೆಗೆ ಸಿಕ್ಕಿದ್ದು ಹಿಂದಿನ ಕೋಣೆಯಲ್ಲಿ, ಹಗ್ಗ ಕಟ್ಟಲು ಇಟ್ಟಿದ್ದ ರಾಶಿಯಲ್ಲಿ.

ಆ ರಾಶಿಯ ಕತೆ ಅವಳಿಗೆ ಚೆನ್ನಾಗಿ ಗೊತ್ತು. ಪ್ರತಿ ಪುಸ್ತಕದ ಕೊನೆಯ ಪುಟದಲ್ಲಿ ಒಂದು ಸ್ಲಿಪ್ ಅಂಟಿಸಿರುತ್ತಾರೆ. ಯಾರಾದರೂ ಪುಸ್ತಕ ಮನೆಗೆ ಒಯ್ದರೆ, ವಾಪಸ್ ಕೊಡಬೇಕಾದ ತಾರೀಖನ್ನು ಅದರ ಮೇಲೆ ಒತ್ತುತ್ತಾರೆ. ಕಿಟಕಿಯಾಚೆಯ ಮರ ಚಿಗುರುವ ಹೊತ್ತಿಗೆ, ವರ್ಷಕ್ಕೊಮ್ಮೆ, ಅಮ್ಮ ಮತ್ತು ಬೈಂಡರ್ ಮಾಮ ಎಲ್ಲ ಸ್ಲಿಪ್ಪುಗಳನ್ನೂ ನೋಡುತ್ತಾರೆ. ಐದು ವರ್ಷದಿಂದ ಒಂದೂ ತಾರೀಖು ಬೀಳದ ಪುಸ್ತಕ ಕಾಗದದ ಮಿಲ್ಲಿಗೆ. ಹೊಸ ಪುಸ್ತಕಗಳಿಗೂ ಜಾಗ ಬೇಕಲ್ಲ.

ಮಿಲ್ಲಿನ ಗಾಡಿ ಬರುವುದು ಇವತ್ತು ಸಂಜೆ ಐದಕ್ಕೆ.

‘ಹುಳುಗಳು ಕಟ್ಟುವ ಮನೆಗಳು’ ಪುಸ್ತಕದ ಸ್ಲಿಪ್ ತೊಳೆದಿಟ್ಟ ತಟ್ಟೆಯ ಹಾಗೆ ಖಾಲಿಯಾಗಿತ್ತು. ಈಗ ಇಲ್ಲ. ಪಿಟೀಲು ಬರೋಬ್ಬರಿ ಏಳು ತಾರೀಖು ಒತ್ತಿದ್ದಳು. ಎಲ್ಲ ಒಂದೇ ದಿನದ್ದಾದರೆ ಅನುಮಾನ ಬರುತ್ತದೆಂದು ಚಕ್ರ ತಿರುಗಿಸಿ ತಿರುಗಿಸಿ ಹೋದ ತಿಂಗಳ ಬೇರೆ ಬೇರೆ ತಾರೀಖು ಹಾಕಿದ್ದಳು. ‘ನಾನೇನು ಕಡಿಮೆ ಬುದ್ಧಿವಂತಳಾ?’ ಎಂದುಕೊಂಡಳು.

ಕೊನೆಗೊಮ್ಮೆ ನಲವತ್ತೆರಡನೇ ಪುಟ ತೆರೆದಳು. ಅಲ್ಲಿ ಕುಂಬಾರ ಹುಳದ ಚಿತ್ರವಿತ್ತು. ಆ ಹುಳ ಬಾಯಲ್ಲಿ ಹಸಿ ಮಣ್ಣಿನ ಉಂಡೆ ತಂದು, ಬೆರಳ ತುದಿಯಷ್ಟು ದೊಡ್ಡ ಮಡಕೆ ಕಟ್ಟಿ, ಒಳಗೆ ಒಂದೇ ಒಂದು ಮೊಟ್ಟೆ ಇಟ್ಟು ಬಾಯಿ ಮುಚ್ಚುತ್ತದೆ. ಲೈಬ್ರರಿಯ ಕಿಟಕಿಯ ಮೂಲೆಯಲ್ಲೂ ಹೋದ ವಾರ ಅಂಥದ್ದೊಂದು ಮಡಕೆ ಎದ್ದಿತ್ತು. ಅಮ್ಮ ಪೊರಕೆ ಎತ್ತಿದಾಗ, “ಬೇಡಮ್ಮಾ! ಒಳಗೆ ಪಾಪು ಇದೆ!” ಎಂದು ಕಿರುಚಿದವಳು ಪಿಟೀಲು. ಇಡೀ ಲೈಬ್ರರಿ ತಿರುಗಿ ನೋಡಿತ್ತು.

ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ಪಿಟೀಲು ಸ್ಟಾಂಪನ್ನು ಪ್ಯಾಡಿನ ಪಕ್ಕ ಇಟ್ಟು, ಪುಸ್ತಕವನ್ನು ಶೆಲ್ಫಿಗೆ ತುರುಕಿ, ಬೋರ್ಡಿನ ಕೆಳಗೆ ಹೋಗಿ ಕುಳಿತಳು. ಅಷ್ಟು ಒಳ್ಳೆಯ ಮುಖ ಮಾಡಿಕೊಂಡು ಅವಳು ಯಾವತ್ತೂ ಕೂತಿರಲಿಲ್ಲ.

“ನಿಮ್ಮಮ್ಮಂಗೇನಪ್ಪಾ, ದಿನಪೂರ್ತಿ ಕಥೆ ಪುಸ್ತಕ ಓದೋದೇ ಕೆಲಸ,” ಎನ್ನುತ್ತಾರೆ ಅವಳ ಕ್ಲಾಸಿನವರು. ಅವರು ಒಂದು ದಿನ ಬಂದು ನೋಡಬೇಕು. ಅಮ್ಮ ಹರಿದ ಪುಟಕ್ಕೆ ಗೋಂದು ಹಚ್ಚುತ್ತಾಳೆ. ಪೇಪರಿಗಾಗಿ ಜಗಳವಾಡುವ ಇಬ್ಬರಿಗೆ ತಲಾ ಎರಡು ಹಾಳೆ ಹಂಚುತ್ತಾಳೆ. ಯಾರದೋ ಕನ್ನಡಕ, ಯಾರದೋ ಛತ್ರಿ ಹುಡುಕಿ ಕೊಡುತ್ತಾಳೆ. “ನೀಲಿ ಬಣ್ಣದ್ದು, ಅದರಲ್ಲಿ ಒಬ್ಬ ಸಾಯ್ತಾನೆ” ಎಂದು ಕೇಳುವವರಿಗೂ ಸರಿಯಾದ ಪುಸ್ತಕವೇ ತಂದುಕೊಡುತ್ತಾಳೆ. ಅವಳಿಗೆಂದು ಓದಲು ಸಿಗುವುದು ಊಟದ ಹೊತ್ತಿನ ಹತ್ತು ನಿಮಿಷ ಮಾತ್ರ.

ಆ ಹತ್ತು ನಿಮಿಷಕ್ಕೆ ಅವಳದೊಂದು ದಪ್ಪ ಕಾದಂಬರಿ ಇತ್ತು. ಹಡಗಿನಲ್ಲಿ ಅಡುಗೆ ಮಾಡುವ ಹೆಂಗಸಿನ ಕತೆ. ಅವಳಿಗೂ ಕ್ಯಾಪ್ಟನ್ನಿಗೂ ಎಣ್ಣೆ ಸೀಗೆಕಾಯಿ. ರಾತ್ರಿ ಊಟಕ್ಕೆ ಕೂತಾಗ ಅಪ್ಪ ಕೇಳುತ್ತಾನೆ: “ಇವತ್ತು ಹಡಗು ಎಲ್ಲಿಗೆ ಬಂತು?”

“ಎಲ್ಲಿ ಬರುತ್ತೆ? ಓದೋಕೆ ಕೂತೆ, ನಲ್ಲಿ ಕಿತ್ತು ಬಂತು.”

ಹೀಗೆ ಮೂರು ತಿಂಗಳಿಂದ ಹಡಗು ಸಮುದ್ರದ ನಡುವೆಯೇ ಇತ್ತು.

ಮೂರು ಗಂಟೆಯ ಹೊತ್ತಿಗೆ ಕೌಂಟರಿನ ಮುಂದೆ ಸಾಲು ಬೆಳೆಯಿತು. ಅಮ್ಮ ಬೆಳಿಗ್ಗೆಯೇ ಸ್ಟಾಂಪಿನ ತಾರೀಖು ಸರಿಮಾಡಿಟ್ಟಿರುತ್ತಾಳೆ, ಮತ್ತೆ ನೋಡುವುದಿಲ್ಲ. ಮಾತಾಡುತ್ತಲೇ ಠಪ್, ನಗುತ್ತಲೇ ಠಪ್. ಬೇಕರಿ ಅಂಕಲ್‌ಗೆ ಠಪ್. ಹಲ್ಲಿನ ಡಾಕ್ಟರಿಗೆ ಠಪ್. ಒಂಬತ್ತು ಜನ ಪುಸ್ತಕ ತೆಗೆದುಕೊಂಡರು.

ಒಂಬತ್ತನೆಯವರು ಪೆನ್ಷನ್ ತಾತ. ಬಾಗಿಲವರೆಗೆ ಹೋದವರು ಕೋಲು ಕುಟ್ಟುತ್ತಾ ವಾಪಸ್ ಬಂದರು.

“ತಾಯೀ, ಈ ಪುಸ್ತಕ ನಾನು ಫೆಬ್ರವರಿ ಮೂವತ್ತನೇ ತಾರೀಖು ವಾಪಸ್ ಕೊಡಬೇಕಂತೆ.”

“ಏನಂದ್ರಿ ಸರ್?”

“ಫೆಬ್ರವರಿ ಮೂವತ್ತು. ಎಪ್ಪತ್ತಾರು ವರ್ಷದಲ್ಲಿ ನಾನಂತೂ ಆ ದಿನ ನೋಡಿಲ್ಲ. ಅಂದ್ರೆ ವಾಪಸ್ ಕೊಡೋದೇ ಬೇಡ ಅಂತಾನಾ? ಬಹಳ ಸಂತೋಷ!”

ಅಮ್ಮ ಸ್ಟಾಂಪನ್ನು ತಿರುಗಿಸಿ ನೋಡಿದಳು. ಆಮೇಲೆ ನಿಧಾನವಾಗಿ ಬೋರ್ಡಿನ ಕಡೆ ನೋಡಿದಳು. ಬೋರ್ಡಿನ ಕೆಳಗೆ ಪಿಟೀಲು ಒಂದು ನಿಘಂಟನ್ನು ಬಹಳ ಆಸಕ್ತಿಯಿಂದ ಓದುತ್ತಿದ್ದಳು.

“ಇಲ್ಲಿ ಬಾ. ಹೆಬ್ಬೆಟ್ಟು ತೋರಿಸು.”

ಪಿಟೀಲು ಎಡಗೈ ತೋರಿಸಿದಳು.

“ಇನ್ನೊಂದು.”

ಬಲಗೈ ಹೆಬ್ಬೆಟ್ಟು ಪೂರ್ತಿ ನೇರಳೆ ಬಣ್ಣಕ್ಕೆ ತಿರುಗಿತ್ತು.

“ಯಾವ ಪುಸ್ತಕ?” ಎಂದಳು ಅಮ್ಮ. ಬೈಯಲಿಲ್ಲ. ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು.

ಪಿಟೀಲು ತಂದುಕೊಟ್ಟಳು. ಅಮ್ಮ ಸ್ಲಿಪ್ ಇದ್ದ ಪುಟ ತೆರೆದಳು.

“ಅಬ್ಬಾ, ಒಂದೇ ತಿಂಗಳಲ್ಲಿ ಏಳು ಜನ ಓದಿದಾರೆ! ಅದೂ ಫೆಬ್ರವರಿ ಮೂವತ್ತರ ತನಕ! ಯಾರ್ಯಾರು ಸ್ವಲ್ಪ ಹೇಳು.”

“ನಾನೇ,” ಎಂದಳು ಪಿಟೀಲು. “ಏಳೂ ನಾನೇ. ಸುಳ್ಳಲ್ಲಮ್ಮ, ಅದಕ್ಕಿಂತ ಜಾಸ್ತಿ ಸಲವೇ ಓದಿದೀನಿ. ಇಲ್ಲೇ ಕೂತು ಓದ್ತೀನಲ್ಲ, ಅದಕ್ಕೇ ಸ್ಲಿಪ್ಪಲ್ಲಿ ಇಲ್ಲ.”

“ಮತ್ತೆ ಕಾರ್ಡ್ ಮಾಡಿಸ್ಕೊಂಡು ಮನೆಗೆ ತಗೊಂಡ್ ಹೋಗಬಹುದಿತ್ತಲ್ಲ?”

“ಯಾಕೆ ತಗೊಂಡ್ ಹೋಗ್ಬೇಕು? ನಮ್ಮದೇ ಲೈಬ್ರರಿ ಅಲ್ವಾ?”

ಅಮ್ಮ ಕುರ್ಚಿಯಲ್ಲಿ ಕುಳಿತಳು. “ನೋಡು ಪುಟ್ಟ. ಇಲ್ಲಿ ಸಾವಿರಾರು ಪುಸ್ತಕ ಇದೆ. ಯಾವುದನ್ನ ಜನ ಓದ್ತಾರೆ, ಯಾವುದನ್ನ ಓದಲ್ಲ ಅಂತ ನಂಗೆ ಹೇಳೋದು ಈ ಸ್ಲಿಪ್ ಒಂದೇ. ಅದೇ ಸುಳ್ಳು ಹೇಳಿದ್ರೆ ನಾನು ಯಾರನ್ನ ಕೇಳಲಿ?”

ಪಿಟೀಲು ನೇರಳೆ ಹೆಬ್ಬೆಟ್ಟನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಳು.

ಅಮ್ಮ ಆ ಸ್ಲಿಪ್ಪನ್ನು ನೀರು ಹಚ್ಚಿ ಮೆಲ್ಲಗೆ ಕಿತ್ತಳು. ಖಾಲಿ ಸ್ಲಿಪ್ ಅಂಟಿಸಿದಳು. ಪುಟ ತಿರುವುವಾಗ ನಲವತ್ತೆರಡರಲ್ಲಿ ಅವಳ ಕೈ ನಿಂತಿತು. ಕುಂಬಾರ ಹುಳದ ಪಕ್ಕದಲ್ಲೇ ಒಂದು ನೇರಳೆ ಹೆಬ್ಬೆಟ್ಟು ಅಚ್ಚುಕಟ್ಟಾಗಿ ಮೂಡಿತ್ತು.

“ಸ್ಲಿಪ್ ಬದಲಾಯಿಸಬಹುದು. ಇದನ್ನ ಏನೂ ಮಾಡೋಕಾಗಲ್ಲ,” ಎಂದು ನಿಟ್ಟುಸಿರು ಬಿಟ್ಟು, ಪುಸ್ತಕವನ್ನು ಬೈಂಡರ್ ಮಾಮನ ರಾಶಿಯ ಮೇಲೇ ಇಟ್ಟಳು.

ಪಿಟೀಲುವಿಗೆ ಅಳು ಒತ್ತರಿಸಿಕೊಂಡು ಬಂತು. ಗಂಟೆ ನಾಲ್ಕೂವರೆ. ಅತ್ತರೆ ಸದ್ದಾಗುತ್ತದೆಂದು ತುಟಿ ಕಚ್ಚಿಕೊಂಡಳು. ಮೂಗು ಮಾತ್ರ ಕೇಳಲಿಲ್ಲ, ಸೊರಸೊರ ಎಂದಿತು.

ಆಗ ಹಿಂದಿನ ಕೋಣೆಯಿಂದ ಬೈಂಡರ್ ಮಾಮ ಬಂದರು. ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು, ಕೈಯಲ್ಲೊಂದು ಹೆಸರು ಬರೆಯದ ಖಾಲಿ ಕಾರ್ಡ್ ಹಿಡಿದಿದ್ದರು.

“ಮೇಡಂ, ಇದು ಲೈಬ್ರರಿಯ ಕಾರ್ಡ್ ತಾನೆ? ಒಂದು ದಪ್ಪ ಪುಸ್ತಕದೊಳಗೆ ಯಾರೋ ಗುರುತಿಗೆ ಇಟ್ಟಿದ್ರು. ಸುಮ್ಮನೆ ಯಾಕೆ ಹಾಳಾಗಬೇಕು ಅಂತ ತೆಗೆದಿಟ್ಟೆ.”

ಅಮ್ಮ ಕಾರ್ಡ್ ನೋಡಿದಳು. “ಯಾವ ದಪ್ಪ ಪುಸ್ತಕ?”

“ಅದೇ, ಕಂದು ರಟ್ಟಿನದು. ಹಡಗಿನ ಚಿತ್ರ ಇದೆಯಲ್ಲ? ಕೌಂಟರ್ ಪಕ್ಕ ಬಿದ್ದಿತ್ತು. ಸ್ಲಿಪ್ ನೋಡಿದೆ, ಖಾಲಿ. ಕಟ್ಟಿಬಿಟ್ಟೆ.”

“ಅಯ್ಯೋ, ನನ್ನ ಹಡಗು!”

ಅಮ್ಮ ಕಿರುಚಿದ ಸದ್ದಿಗೆ ಇಡೀ ಲೈಬ್ರರಿ ತಿರುಗಿ ನೋಡಿತು. ಪೆನ್ಷನ್ ತಾತ ಬೋರ್ಡಿನ ಕಡೆ ಕೋಲು ತೋರಿಸಿದರು.

“ಮಾಮ, ಅದನ್ನ ನಾನು ಓದ್ತಾ ಇದೀನಿ! ಮೂರು ತಿಂಗಳಿಂದ!”

“ಸ್ಲಿಪ್ಪಲ್ಲಿ ಇಲ್ವಲ್ಲ ಮೇಡಂ?”

“ಅದು... ನಾನು ಇಲ್ಲೇ ಕೂತು ಓದ್ತೀನಲ್ಲ...”

ಮಾತು ಅರ್ಧಕ್ಕೇ ನಿಂತಿತು. ಪಿಟೀಲು ಅಮ್ಮನ ಮುಖ ನೋಡಿದಳು. ಅಮ್ಮ ಪಿಟೀಲುವಿನ ಮುಖ ನೋಡಿದಳು.

“ನಮ್ಮದೇ ಲೈಬ್ರರಿ ಅಲ್ವಾ,” ಎಂದಳು ಪಿಟೀಲು, ಬಹಳ ಸಣ್ಣ ದನಿಯಲ್ಲಿ.

ಮೊದಲು ನಕ್ಕಿದ್ದು ಅಮ್ಮ. ಮೇಜಿನ ಮೇಲೆ ತಲೆಯಿಟ್ಟು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಪಿಟೀಲುವೂ ಮೂಗು ಒರೆಸಿಕೊಂಡು ನಕ್ಕಳು. “ದೀಪದ ಬುಡದಲ್ಲೇ ಕತ್ತಲೆ ಅನ್ನೋದು ಇದಕ್ಕೇ,” ಎಂದರು ಬೈಂಡರ್ ಮಾಮ. “ಹೋಗಲಿ, ಗಾಡಿ ಬರೋ ತನಕ ಯಾರು ಕೇಳಿದರೂ ಪುಸ್ತಕ ಕೊಡಬಹುದಲ್ಲ? ಇಬ್ಬರಲ್ಲಿ ಯಾರ ಹತ್ರ ಕಾರ್ಡ್ ಇದೆ?”

ಯಾರ ಹತ್ತಿರವೂ ಇರಲಿಲ್ಲ! ಅಮ್ಮ ಒಂದೇ ಉಸಿರಿಗೆ ಎರಡು ಕಾರ್ಡ್ ಬರೆದಳು. ಸ್ಟಾಂಪಿನ ತಾರೀಖು ಸರಿಮಾಡಿ, ಎರಡೆರಡು ಸಲ ನೋಡಿದಳು. ಬೈಂಡರ್ ಮಾಮ ಹಗ್ಗ ಬಿಚ್ಚಿ ಹಡಗನ್ನು ಹೊರಗೆಳೆದರು. ಹೊರಗೆ ಗಾಡಿಯ ಹಾರ್ನ್ ಕೇಳಿಸಿತು. ಠಪ್! ಠಪ್! ಇವು ನಿಜವಾದ ತಾರೀಖುಗಳು.

ಆದರೆ ಒಂಬತ್ತು ಜನರ ಪುಸ್ತಕದಲ್ಲಿ ಫೆಬ್ರವರಿ ಮೂವತ್ತು ಉಳಿದೇ ಇತ್ತಲ್ಲ! “ಅದು ನಿನ್ನ ಕೆಲಸ,” ಎಂದಳು ಅಮ್ಮ. ಪಿಟೀಲು ಪೆನ್ಷನ್ ತಾತನಿಂದಲೇ ಶುರು ಮಾಡಿದಳು. ಮುಂದಿನ ದಿನಗಳಲ್ಲಿ ಒಬ್ಬೊಬ್ಬರೂ ಬಂದಾಗ ಎದುರು ನಿಂತು, “ತಪ್ಪು ನಂದು, ಚಕ್ರ ತಿರುಗಿಸಿದ್ದು ನಾನೇ,” ಎಂದು ಹೇಳಿ ತಾರೀಖು ಸರಿಮಾಡಿಸಿದಳು. ಬೇಕರಿ ಅಂಕಲ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಹಲ್ಲಿನ ಡಾಕ್ಟರು ನಗಲಿಲ್ಲ. ಹತ್ತು ನಿಮಿಷ ಬುದ್ಧಿ ಹೇಳಿದರು. ಬಾಯಿ ತೆರೆಯಲು ಹೇಳಲಿಲ್ಲವಲ್ಲ, ಅಷ್ಟೇ ಪುಣ್ಯ.

ಅಮ್ಮನ ಕಾದಂಬರಿ ಈಗ ಮನೆಗೇ ಬಂದಿತ್ತು. ಸಂಜೆ ಬೆಳಕು ಇರುವ ತನಕ ಅವಳು ಕಿಟಕಿಯ ಪಕ್ಕ ಸ್ಟೂಲಿನ ಮೇಲೆ ಕಾಲು ಚಾಚಿ ಓದುತ್ತಿದ್ದಳು. ಅಮ್ಮ ಹೀಗೆ ಕೂತದ್ದನ್ನು ಪಿಟೀಲು ನೋಡಿಯೇ ಇರಲಿಲ್ಲ. ಅಡುಗೆ ಮನೆಯಿಂದ ಅಪ್ಪ ಕೂಗಿ ಕೇಳುತ್ತಿದ್ದ: “ಹಡಗು ಎಲ್ಲಿಗೆ ಬಂತು?”

“ಶ್! ಬಂದರು ಕಾಣ್ತಾ ಇದೆ!”

ಹದಿನೈದು ದಿನ ಓಡಿಹೋಯಿತು. ಕೊನೆಯ ದಿನ ಪಿಟೀಲು ಪುಸ್ತಕವನ್ನು ಎದೆಗೆ ಅವಚಿಕೊಂಡು ಲೈಬ್ರರಿಗೆ ಬಂದಳು. ಅವಳು ಆಗಲೇ ಲೆಕ್ಕ ಹಾಕಿದ್ದಳು. ವಾಪಸ್ ಕೊಟ್ಟ ಹಾಗೆ ಮಾಡಿ, ಇನ್ನೊಂದು ಠಪ್ ಹಾಕಿಸಿಕೊಂಡು, ಮತ್ತೆ ಹದಿನೈದು ದಿನ ಇಟ್ಟುಕೊಳ್ಳುವುದು. ವರ್ಷಪೂರ್ತಿ ಹೀಗೇ ಮಾಡಿದರೆ ಯಾರು ಕಟ್ಟುತ್ತಾರೆ ನೋಡೋಣ!

ಕಿಟಕಿಯ ಹತ್ತಿರ ಒಂದು ಪುಟಾಣಿ ಹುಡುಗಿ ತುದಿಗಾಲಲ್ಲಿ ನಿಂತಿದ್ದಳು. ಮುಂದಿನ ಎರಡು ಹಲ್ಲು ಇರಲಿಲ್ಲ. ಅವಳು ಮೂಲೆಯ ಮಣ್ಣಿನ ಮಡಕೆಯನ್ನೇ ನೋಡುತ್ತಿದ್ದಳು. ಮಡಕೆಯಲ್ಲಿ ಈಗ ಒಂದು ದುಂಡನೆಯ ತೂತು ಬಿದ್ದಿತ್ತು.

“ಅಕ್ಕಾ, ಇದೇನು? ಇದರೊಳಗೆ ಯಾರಿದ್ರು? ಎಲ್ಲಿಗೆ ಹೋದ್ರು?”

ಪಿಟೀಲು ಬಾಯಿ ತೆರೆದಳು. ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಅವಳನ್ನು ಯಾರೂ ಕೇಳಿರಲಿಲ್ಲ. ಮಣ್ಣಿನ ಉಂಡೆ, ಮೊಟ್ಟೆ, ಪಾಪು ಎಂದು ಅರ್ಧ ಗಂಟೆ ಹೇಳಬಹುದಿತ್ತು. ಆದರೆ ಆ ಪುಟಾಣಿ ಉತ್ತರಕ್ಕೂ ಕಾಯದೆ, ಒಂದು ಕಣ್ಣು ಮುಚ್ಚಿ ತೂತಿನೊಳಗೆ ಇಣುಕುತ್ತಿದ್ದಳು.

ನಲವತ್ತೆರಡನೇ ಪುಟ ಮೊದಲ ಸಲ ಸಿಕ್ಕಾಗ ತಾನೂ ಹೀಗೇ ಇಣುಕಿದ್ದು ಪಿಟೀಲುವಿಗೆ ನೆನಪಾಯಿತು. ಆಗ ಪಕ್ಕದಲ್ಲಿ ಕೂತು ಯಾರೂ ಏನೂ ಹೇಳಿರಲಿಲ್ಲ.

ಅವಳು ಬಾಯಿ ಮುಚ್ಚಿದಳು. ಪುಸ್ತಕವನ್ನು ಒಂದು ಸಲ ನೋಡಿದಳು. ಆಮೇಲೆ ಕೌಂಟರಿಗೆ ಹೋಗಿ ನಿಜವಾಗಿಯೂ ವಾಪಸ್ ಕೊಟ್ಟು, ಹಾಗೇ ಎತ್ತಿಕೊಂಡು ಬಂದು ಪುಟಾಣಿಯ ಕೈಗಿಟ್ಟಳು.

“ನಲವತ್ತೆರಡನೇ ಪುಟ,” ಎಂದಳು, ಅಷ್ಟೇ.

ಪುಟಾಣಿ ನೆಲದ ಮೇಲೇ ಕೂತು ಪುಟ ತಿರುವಿದಳು. ಹುಳವನ್ನು ನೋಡಿದಳು, ಕಿಟಕಿ ನೋಡಿದಳು, ಮತ್ತೆ ಹುಳ ನೋಡಿದಳು. ಹಲ್ಲಿಲ್ಲದ ಬಾಯಿ ತೆರೆದೇ ಇತ್ತು. ಆಮೇಲೆ ಓಡಿಹೋಗಿ ಕೌಂಟರಿನ ಮೇಲೆ ಪುಸ್ತಕ ಇಟ್ಟು, “ಇದು ಮನೆಗೆ ಬೇಕು!” ಎಂದಳು.

ಠಪ್!

ಅಮ್ಮ ಕತ್ತೆತ್ತಿ ಪಿಟೀಲುವನ್ನು ನೋಡಿದಳು. ಶೆಲ್ಫಿನಲ್ಲಿ ಇನ್ನು ಹದಿನೈದು ದಿನ ಆ ಜಾಗ ಖಾಲಿ. ಪಿಟೀಲು ಆ ಜಾಗವನ್ನೊಮ್ಮೆ ನೋಡಿ, ಆಮೇಲೆ ಅಮ್ಮನತ್ತ ನಕ್ಕಳು.

ಬಾಗಿಲವರೆಗೆ ಹೋದ ಪುಟಾಣಿ ವಾಪಸ್ ಓಡಿ ಬಂದಳು.

“ಅಕ್ಕಾ, ಇಲ್ಲಿ ನೋಡು! ಹುಳದ ಪಕ್ಕ ಯಾರದೋ ಹೆಬ್ಬೆಟ್ಟು ಇದೆ. ಯಾರದ್ದು?”

ಪಿಟೀಲು ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು.

“ನಿನಗಿಂತ ಮುಂಚೆ ಓದಿದವರದ್ದಿರಬೇಕು,” ಎಂದಳು.